ಋತುಯಂತ್ರ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಹೇಳಹೊರಟ ಮೂರು ದಿನಗಳಲ್ಲಿ ಎರಡು ಸಲ ಸಿಟ್ಟಾಗಿದ್ದೆ. ಮೊದಲನೆಯದಕ್ಕೆ ಇವತ್ತಿಗೂ ನಾಚಿಕೆಪಡುತ್ತೇನೆ.

ಎಪ್ಪತ್ತೈದರ ಸುಗ್ಗಿಯ ಹೊತ್ತಿಗೆ ನಾನು ಬಾಗೂರಿನ ಆಚೆಗಿನ ನಮ್ಮದೇ ಹಳ್ಳಿಯ ಖಾಸಗಿ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದೆ. ಹಳ್ಳಿಯ ಹೆಸರು ಬೇಡ, ಅಲ್ಲಿನವರು ಇನ್ನೂ ಇದ್ದಾರೆ. ಮೇಷ್ಟ್ರು ಎಂದರೆ ಪೂರ್ತಿ ಮೇಷ್ಟ್ರಲ್ಲ, ತಾತ್ಕಾಲಿಕ. ಮಾರ್ಚಿಗೆ ಮನೆಗೆ ಹೋಗು ಎನ್ನುವುದು, ಜೂನಿಗೆ ಮತ್ತೆ ಬಾ ಎನ್ನುವುದು, ಹೀಗೆ ನಾಲ್ಕು ವರ್ಷ ಕಳೆದಿತ್ತು. ನಮ್ಮ ಕೇರಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಜೂನಿಗೆ ಕರೆ ಬರುತ್ತದೋ ಇಲ್ಲವೋ ಎಂದು ಪ್ರತಿ ಬೇಸಿಗೆಯೂ ಇಡೀ ಕೇರಿ ನನ್ನ ಮುಖ ನೋಡುತ್ತಿತ್ತು. ಆ ಕೆಲಸ ಕಾಯಂ ಆಗಬೇಕು ಎಂಬುದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಆ ವರ್ಷ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷ ರಂಗಯ್ಯನವರು ಕರೆಸಿ, ಚಿತ್ರದುರ್ಗದಲ್ಲಿ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ ನಡೆಯುವ ವಿಷಯ ಹೇಳಿದರು.

“ಏನಾರ ಒಂದು ಮಾಡ್ರಿ ಮೇಷ್ಟ್ರೆ. ಬಹುಮಾನ ಬಂದ್ರೆ ನಿಮ್ಮನ್ನ ಕಾಯಂ ಮಾಡಕೆ ನಂಗೂ ಒಂದು ನೆಪ ಸಿಗ್ತೈತೆ. ಮಂಡಳಿಯೋರು ಬಾಯಿ ಮುಚ್ಕಂತಾರೆ.”

ರಂಗಯ್ಯ ಕೆಟ್ಟವರಲ್ಲ. ಊರಿನ ಅರ್ಧ ಹೊಲ ಅವರದು, ದೊಡ್ಡ ಕಣ ಅವರದು. ಸುಗ್ಗಿ ಮುಗಿಯುವವರೆಗೆ ಆ ಕಣ ಗುಡಿಸುವವಳು ನಮ್ಮವ್ವ ಮುದ್ದಕ್ಕ. ನಾನು ಶಾಲೆಗೆ ಸೇರುವ ಮೊದಲು ರಂಗಯ್ಯನವರ ಬಾಯಲ್ಲಿ ‘ಲೇ ಪಾಪಣ್ಣ’ ಆಗಿದ್ದೆ, ಸೇರಿದ ದಿನದಿಂದ ‘ರೀ ಮೇಷ್ಟ್ರೆ’ ಆದೆ. ಆ ‘ರೀ’ ನನಗೆ ಎಷ್ಟು ಬೇಕಾಗಿತ್ತು ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಅವ್ವನ ಕೆಲಸದ ಮಾತನ್ನು ನಾನು ಶಾಲೆಯಲ್ಲಿ ಎತ್ತುತ್ತಿರಲಿಲ್ಲ. ಕಣದ ಪಕ್ಕದ ದಾರಿಯನ್ನು ಬಿಟ್ಟು ಕೆರೆ ಏರಿಯ ಮೇಲೆ ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೆ.

ಪ್ರದರ್ಶನಕ್ಕೆಂದು ನಾನು ಮಾಡಿಸಿದ್ದು ಋತುಯಂತ್ರ. ಸೂರ್ಯ ಹತ್ತಿರ ಬಂದರೆ ಬೇಸಿಗೆ, ದೂರ ಹೋದರೆ ಚಳಿಗಾಲ ಎಂದು ನಮ್ಮ ಹುಡುಗರೆಲ್ಲ ನಂಬಿದ್ದರು. ಅದು ಸುಳ್ಳು. ಭೂಮಿ ನೆಟ್ಟಗೆ ನಿಂತಿಲ್ಲ, ಓರೆಯಾಗಿ ನಿಂತಿದೆ. ಹಾಗೆ ಓರೆಯಾಗಿಯೇ ಸೂರ್ಯನನ್ನು ಸುತ್ತುವಾಗ ಅದರ ಮೇಲಿನ ಅರ್ಧ ಆರು ತಿಂಗಳು ಸೂರ್ಯನ ಕಡೆಗೆ ವಾಲಿರುತ್ತದೆ, ಆರು ತಿಂಗಳು ಅತ್ತ ಕಡೆಗೆ. ವಾಲಿದಾಗ ಬಿಸಿಲು ನೇರ, ಹೆಚ್ಚು ಹೊತ್ತು. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಮಕ್ಕಳ ಕಣ್ಣು ಮುಚ್ಚುತ್ತಿದ್ದವು. ಅದಕ್ಕೇ ಯಂತ್ರ.

ಮಾಡಿದವನು ಊರ ಬಡಗಿ ಪಾಲಣ್ಣ. ಗಾಣ, ಗಾಡಿ, ನೊಗ ಮಾಡಿ ಪಳಗಿದ ಕೈ. ಒಂದು ದುಂಡು ಹಲಗೆ, ಅದರ ನಡುವೆ ಸೀಮೆಎಣ್ಣೆ ದೀಪ. ಅದು ಸೂರ್ಯ. ದೀಪದ ಬುಡದಿಂದ ಗಾಣದ ತೊಲೆಯ ಹಾಗೆ ಹೊರಟ ಮರದ ತೋಳು. ತೋಳಿನ ತುದಿಯಲ್ಲಿ ಓರೆಯಾಗಿ ಬಡಿದ ಕಬ್ಬಿಣದ ಕಡ್ಡಿ, ಕಡ್ಡಿಗೆ ಸಿಕ್ಕಿಸಿದ ನೀಲಿ ಬಣ್ಣದ ಮರದ ಗೋಳ. ಗೋಳದ ಮೇಲೆ ನಮ್ಮ ಜಿಲ್ಲೆ ಇರುವ ಕಡೆ ಒಂದು ಕೆಂಪು ಚುಕ್ಕೆ. ಹಿಡಿ ತಿರುಗಿಸಿದರೆ ಗೋಳ ದೀಪವನ್ನು ಸುತ್ತುತ್ತಿತ್ತು. ಹಲಗೆಯ ಅಂಚಿಗೆ ನಾಲ್ಕು ಕಡೆ ನಾಲ್ಕು ಚೀಟಿ ಅಂಟಿಸಿದ್ದೆ: ಒಂದು ಕಡೆ ‘ಜೂನ್, ಬೇಸಿಗೆ’, ಅದರ ಎದುರಿಗೆ ‘ಡಿಸೆಂಬರ್, ಚಳಿಗಾಲ’, ನಡುವೆ ಸೆಪ್ಟೆಂಬರ್ ಮತ್ತು ಮಾರ್ಚ್. ಮರ ಕೊಟ್ಟವರು ರಂಗಯ್ಯನವರಾದ್ದರಿಂದ ಮುಂಭಾಗದಲ್ಲಿ ಅವರ ಹೆಸರನ್ನು ದೊಡ್ಡದಾಗಿ ಬರೆಸಿದ್ದೆ.

ಮೂರು ತರಗತಿಗೆ ತೋರಿಸಿದೆ. ಗೋಳ ಎಲ್ಲಿ ನಿಂತರೆ ಯಾವ ಕಾಲ ಎಂದು ಕೇಳಿದರೆ ಹುಡುಗರು ಪಟಪಟನೆ ಹೇಳಿದರು. ಹೆಡ್‌ಮಾಸ್ತರರು ಬೆನ್ನು ತಟ್ಟಿದರು. ರಂಗಯ್ಯನವರು ತಾವೇ ಹಿಡಿ ತಿರುಗಿಸಿ ನೋಡಿ ಸಂತೋಷಪಟ್ಟರು.

ಪ್ರದರ್ಶನ ಮಂಗಳವಾರ ಇತ್ತು. ಭಾನುವಾರ ಯಂತ್ರವನ್ನು ಮನೆಗೆ ತಂದೆ. ನಮ್ಮ ಮನೆಗೆ ಕಿಟಕಿ ಇಲ್ಲ, ಹಗಲು ಹೊತ್ತಿನಲ್ಲೂ ಬಾಗಿಲು ಹಾಕಿದರೆ ಕತ್ತಲೆ, ದೀಪದ ಬೆಳಕು ಗೋಳದ ಮೇಲೆ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನ ಉಣ್ಣಲು ಕಣದಿಂದ ಬಂದ ಅವ್ವ ರಾಗಿ ಹೊಟ್ಟು ಕೊಡವಿಕೊಂಡು ಒಳಗೆ ಬಂದು, ಮುದ್ದೆ ಮುರಿಯುತ್ತಾ ಯಂತ್ರ ನೋಡಿದಳು.

“ಆ ಕಡ್ಡಿ ಯಾಕೋ ಸೊಟ್ಟ ಐತೆ?”

“ಭೂಮಿನೇ ಸೊಟ್ಟ ಐತವ್ವ. ಧ್ರುವ ನಕ್ಷತ್ರ ಐತಲ್ಲ, ಬಡಗಲ ಕಡೆ, ಅಲ್ಲಾಡದೆ ನಿಂತಿರೋದು? ಈ ಕಡ್ಡಿ ಯಾವಾಗ್ಲೂ ಅದ್ರ ಕಡೇಗೇ ಮುಖ ಮಾಡಿರ್ತೈತೆ.”

“ಎಲ್ಲಿದ್ರೂ?”

“ಎಲ್ಲಿದ್ರೂ. ವರ್ಷ ಪೂರ್ತಿ.”

ನಾನು ಹಿಡಿ ತಿರುಗಿಸಿ ತೋರಿಸಿದೆ. ಅವಳಿಗೆ ಓದು ಬರದು, ಚೀಟಿಯಲ್ಲಿ ಏನಿದೆ ಎಂದು ಕೇಳಿದಳು. ಹೇಳಿದೆ.

“ಜೂನ್ ಅಂದ್ರೆ ಮಿರಗದ ಮಳೆ. ಬಿತ್ತನೆ ಹೊತ್ನಾಗೆ ಎಲ್ಲಿ ಬೇಸಿಗೆನೋ?”

“ಅದು ಪುಸ್ತಕದ ಬೇಸಿಗೆ. ನಮ್ ಕಡೆ ಮಳೆ ಬಂದು ತಂಪಾಗ್ತೈತೆ. ಸುಮ್ನೆ ನೋಡು.”

ಅವಳು ಸುಮ್ಮನೆ ನೋಡಿದಳು. ಎರಡು ಸುತ್ತು ಆದ ಮೇಲೆ ತಟ್ಟೆ ಕೆಳಗಿಟ್ಟಳು.

“ಧ್ರುವ ಒಂದೇ ಕಡೆ ಇರ್ತೈತೆ ಅಂದೆ. ನಿನ್ನ ಕಡ್ಡಿ ದೀಪದ ಕಡೇಗೇ ಬಗ್ಗೈತಲ್ಲೋ. ಆ ಮೂಲೇಗೆ ಹೋದ್ರೂ ದೀಪಾನೇ ನೋಡ್ತೈತೆ, ಈ ಮೂಲೇಗೆ ಬಂದ್ರೂ ದೀಪಾನೇ ನೋಡ್ತೈತೆ. ಇದು ಗುಡಿ ಸುತ್ತಿದಂಗಾತು. ಕಣದಾಗೆ ನಾನು ಹಿಂಗೆ ರಾಶಿ ನೋಡ್ಕಂಡು ಸುತ್ತಿದ್ರೆ ಕಣ್ಣು ತುಂಬ ಹೊಟ್ಟು.”

ನನಗೆ ರೇಗಿತು. ಯಂತ್ರದ ಮೇಲೆ ನನ್ನ ಕೆಲಸ ನಿಂತಿತ್ತು, ಆ ಯಂತ್ರವನ್ನು ಇವಳು ಕಣಕ್ಕೆ ಹೋಲಿಸುತ್ತಿದ್ದಾಳೆ ಅನ್ನಿಸಿತು.

“ಕಣ ಗುಡಿಸೋಳು ನೀನು. ಇದೆಲ್ಲ ನಿಂಗೇನು ತಿಳೀತೈತೆ?” ಎಂದೆ.

ಅವ್ವ ಎದ್ದಳು. ಕೈ ತೊಳೆದುಕೊಂಡು ಪೊರಕೆ ಎತ್ತಿಕೊಂಡು ಹೊರಟುಹೋದಳು. ಅರ್ಧ ಮುದ್ದೆ ತಟ್ಟೆಯಲ್ಲೇ ಇತ್ತು.

ಬಾಗಿಲು ಹಾಕಿ ಮತ್ತೆ ಹಿಡಿ ತಿರುಗಿಸಿದೆ. ಗೋಳವನ್ನು ಡಿಸೆಂಬರಿನ ಹತ್ತಿರ ನಿಲ್ಲಿಸಿ, ಚೀಟಿಯನ್ನು ಅಂಗೈಯಿಂದ ಮುಚ್ಚಿದೆ. ಕೆಂಪು ಚುಕ್ಕೆ ದೀಪದ ಕಡೆಗೆ ವಾಲಿಕೊಂಡು ಬೆಳಗುತ್ತಿತ್ತು. ಜೂನಿನಲ್ಲಿ ಎಷ್ಟು ಬೆಳಗುತ್ತಿತ್ತೋ ಅಷ್ಟೇ. ಸೆಪ್ಟೆಂಬರಿನಲ್ಲೂ ಅಷ್ಟೇ. ನನ್ನ ಯಂತ್ರದಲ್ಲಿ ಋತುಗಳೇ ಇರಲಿಲ್ಲ, ವರ್ಷವಿಡೀ ಒಂದೇ ಕಾಲ ಇತ್ತು. ಋತು ಇದ್ದದ್ದು ಚೀಟಿಗಳಲ್ಲಿ ಮಾತ್ರ. ಹುಡುಗರು ಚೀಟಿ ಓದಿದ್ದರು, ಹೆಡ್‌ಮಾಸ್ತರರು ಚೀಟಿ ಓದಿದ್ದರು, ಮಾಡಿಸಿದ ನಾನೂ ಚೀಟಿಯನ್ನೇ ಓದಿದ್ದೆ. ಓದು ಬರದ ಒಬ್ಬಳು ಮಾತ್ರ ಗೋಳ ನೋಡಿದ್ದಳು.

ಪಾಲಣ್ಣನ ತಪ್ಪೂ ಅಲ್ಲ. ಗಾಣದ ತೊಲೆ ಹೇಗೆ ಸುತ್ತುತ್ತದೋ ಹಾಗೆ ತೋಳನ್ನೂ ಕಡ್ಡಿಯನ್ನೂ ಒಂದೇ ಸಮ ಬಿಗಿದಿದ್ದ. ಸುತ್ತುವುದು ಎಂದರೆ ನಮ್ಮ ಕಡೆ ಗಾಣದ ಎತ್ತು ಸುತ್ತುವುದು, ಇಲ್ಲವೇ ಗುಡಿಯಲ್ಲಿ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು. ಎರಡರಲ್ಲೂ ಸುತ್ತುವವರ ಒಂದು ಮಗ್ಗುಲು ಕೊನೆಯವರೆಗೂ ನಡುವಿನ ಕಡೆಗೇ ಇರುತ್ತದೆ. ನಮ್ಮ ಕಾಲಿಗೆ ಬೇರೆ ಸುತ್ತು ಗೊತ್ತಿಲ್ಲ.

ಅವನ ಹತ್ತಿರ ಓಡಿದೆ. ಕಡ್ಡಿ ಸಡಿಲ ಮಾಡಲು ಆಗುತ್ತದೆಯೇ ಎಂದು ಕೇಳಿದೆ.

“ಬುಡಕ್ಕೆ ವಜ್ರದ ಅಂಟು ಹಾಕಿ ಪಟ್ಟಿ ಬಿಗ್ದೀನಿ ಮೇಷ್ಟ್ರೆ. ಬಿಚ್ಚಕೋದ್ರೆ ತೋಳು ಸೀಳ್ತೈತೆ. ಹೊಸಾದು ಮಾಡಕೆ ಎಂಟು ದಿನ ಬೇಕು,” ಎಂದ ಪಾಲಣ್ಣ. ವಿಷಯ ಏನೆಂದು ವಿವರಿಸಿದೆ. ಅವನು ಉಳಿ ಕೆಳಗಿಟ್ಟ. “ಯಾರು ನೋಡ್ತಾರೆ ಬಿಡ್ರಿ. ಚೀಟಿ ಐತಲ್ಲ.”

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಅದಕ್ಕೇ ನಾನು ಅವನ ಜೊತೆ ವಾದ ಮಾಡಲಿಲ್ಲ.

ವಾಪಸು ಬರುವಾಗ ಕಣದ ದಾರಿಯಲ್ಲೇ ಬಂದೆ. ಮೂಡಗಾಳಿ ಚೆನ್ನಾಗಿ ಬೀಸುತ್ತಿತ್ತು. ಇಬ್ಬರು ಎತ್ತರದ ಮರದ ಮೆಟ್ಟಿನ ಮೇಲೆ ನಿಂತು ರಾಗಿ ತೂರುತ್ತಿದ್ದರು, ಅವ್ವ ರಾಶಿಯ ಸುತ್ತ ಗುಡಿಸುತ್ತಿದ್ದಳು. ಹುಟ್ಟಿದಾಗಿನಿಂದ ಕಂಡಿದ್ದನ್ನು ಅವತ್ತು ಮೊದಲ ಸಲ ನೋಡಿದೆ. ಅವಳ ಬೆನ್ನು ಗಾಳಿಯ ಕಡೆಗೆ. ರಾಶಿಯ ಮೂಡಲಲ್ಲಿದ್ದಾಗ ರಾಶಿಗೆ ಮುಖ ಕೊಟ್ಟು, ಚೆಲ್ಲಿದ ಕಾಳನ್ನು ಒಳಕ್ಕೆ ತಳ್ಳುತ್ತಿದ್ದಳು. ಅಲ್ಲಿಂದ ಅಡ್ಡಡ್ಡ ಹೆಜ್ಜೆ ಹಾಕಿಕೊಂಡು ಪಕ್ಕಕ್ಕೆ ಸರಿದಳು. ಪಡುವಲಿಗೆ ಬಂದಾಗ ರಾಶಿಗೆ ಬೆನ್ನು, ಹೊಟ್ಟನ್ನು ಆಚೆಗೆ ತಳ್ಳುತ್ತಿದ್ದಳು. ಮತ್ತೆ ಹಿಂದಕ್ಕೆ ಹೆಜ್ಜೆ ಇಟ್ಟು ಮೂಡಲಿಗೆ ಬಂದಳು. ಒಂದು ಪೂರ್ತಿ ಸುತ್ತಿನಲ್ಲಿ ಅವಳ ಮುಖ ಒಮ್ಮೆಯೂ ಪಡುವಲು ಬಿಟ್ಟು ಬೇರೆ ಕಡೆಗೆ ತಿರುಗಲಿಲ್ಲ. ಅವಳಿಗೆ ಗಾಳಿ ಹೇಗೋ ಭೂಮಿಗೆ ಧ್ರುವ ಹಾಗೆ. ಹತ್ತಿರ ಹೋಗಿ ತಪ್ಪಾಯ್ತು ಎನ್ನಬೇಕಿತ್ತು. ಮೆಟ್ಟಿನ ಮೇಲಿನ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಹೊಸದುರ್ಗದಲ್ಲಿ ಬಸ್ಸಿನ ಮೇಲೆ ಕಟ್ಟಿಸಿದೆ. ರಂಗಯ್ಯನವರು ಬಿಳಿ ಪಂಚೆ ಉಟ್ಟು ಜೊತೆಗೆ ಬಂದರು. ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಟೀ ಕುಡಿಸಿದರು. ದಾರಿಯುದ್ದಕ್ಕೂ ‘ರೀ ಮೇಷ್ಟ್ರೆ’ ಎಂದು ಮಾತಾಡಿದರು. ನಾನು ಹೂಂ ಹೂಂ ಎನ್ನುತ್ತಾ ಕೂತಿದ್ದೆ. ಹೇಗೂ ಯಾರಿಗೂ ಗೊತ್ತಾಗುವುದಿಲ್ಲ, ಊರಿಗೆ ಹೋದ ಮೇಲೆ ಹೊಸ ಯಂತ್ರ ಮಾಡಿಸಿ ಮಕ್ಕಳಿಗೆ ಸರಿಯಾಗಿ ಹೇಳಿಕೊಟ್ಟರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಚಿತ್ರದುರ್ಗದ ಆ ದೊಡ್ಡ ಹಾಲಿನಲ್ಲಿ ನಲವತ್ತು ಮೇಜು. ನಮಗೆ ಸಿಕ್ಕಿದ್ದು ಒಂದು ಕತ್ತಲೆ ಮೂಲೆ, ಅದರಿಂದ ಅನುಕೂಲವೇ ಆಯಿತು. ದೀಪ ಹಚ್ಚಿದ ಕೂಡಲೇ ಜನ ಕೂಡಿದರು. ತೀರ್ಪು ಕೊಡುವವರು ಹನುಮಂತಯ್ಯ ಎಂಬ ನಿವೃತ್ತ ವಿಜ್ಞಾನ ಮೇಷ್ಟ್ರು. ಕೈಯಲ್ಲಿ ನೋಟ್‌ಬುಕ್ಕು, ನಿಧಾನದ ಮನುಷ್ಯ. ಒಂದು ಸುತ್ತು ತಿರುಗಿಸಿದೆ. ನಾಲ್ಕೂ ಚೀಟಿ ಓದಿದರು.

“ಬಾಳ ಸ್ಪಷ್ಟ ಐತೆ. ಮಕ್ಕಳಿಗೆ ಇಂಥಾದೇ ಬೇಕು,” ಎಂದು ಹೇಳಿ ಪೆನ್ನು ತೆಗೆದರು. ರಂಗಯ್ಯನವರು ನನ್ನ ಮೊಣಕೈ ಅದುಮಿದರು.

ಅಷ್ಟರಲ್ಲಿ ಮೇಜಿಗೆ ಒರಗಿ ನಿಂತಿದ್ದ ಒಂದು ಹುಡುಗಿ, ಹಿರಿಯೂರು ಕಡೆಯ ಯಾವುದೋ ಶಾಲೆಯವಳು, ತನ್ನ ಮೇಷ್ಟ್ರನ್ನು ಕೇಳಿದಳು. “ಸಾರ್, ಡಿಸೆಂಬರ್‌ನಾಗೂ ಆ ಕೆಂಪು ಚುಕ್ಕೆಗೆ ಅಷ್ಟೇ ಬೆಳಕು ಐತಲ್ಲ ಸಾರ್?”

ಅವಳ ಮೇಷ್ಟ್ರು ಹನುಮಂತಯ್ಯನವರ ಮುಖ ನೋಡಿ ಗಾಬರಿಯಾದರು. “ಬರಗೇರಮ್ಮ, ನಿಂಗೇನು ತಿಳೀತೈತೆ? ಅಲ್ಲಿ ಬರ್ದಿರೋದು ಓದು.”

ಹುಡುಗಿ ತಲೆ ತಗ್ಗಿಸಿ ಓದಿದಳು. “ಡಿಸೆಂಬರ್, ಚಳಿಗಾಲ.”

ಮುಖಕ್ಕೆ ಹೊಡೆದ ಹಾಗಾಯಿತು. ಅದು ನನ್ನದೇ ಮಾತು, ಎರಡು ದಿನದ ಹಿಂದೆ ನಮ್ಮ ಮನೆಯಲ್ಲಿ ಆಡಿದ್ದು. ಮುದ್ದೆಯ ತಟ್ಟೆ ಕಣ್ಣ ಮುಂದೆ ಬಂತು. ನನಗೆ ಎರಡನೆಯ ಸಲ ಸಿಟ್ಟು ಬಂದದ್ದು ಆಗ. ಬಂದದ್ದು ನನ್ನ ಮೇಲೆ.

“ಬರೀಬೇಡಿ ಸಾರ್,” ಎಂದೆ ಹನುಮಂತಯ್ಯನವರಿಗೆ. “ಆ ಹುಡುಗಿ ಹೇಳಿದ್ದೇ ಸರಿ. ಯಂತ್ರ ತಪ್ಪಾಗಿದೆ.”

“ರೀ ಮೇಷ್ಟ್ರೆ,” ಎಂದರು ರಂಗಯ್ಯನವರು ಮೆಲ್ಲಗೆ.

ನಾನು ಅವರ ಕಡೆ ನೋಡದೆ ದೀಪ ಎತ್ತಿ ಪಕ್ಕಕ್ಕಿಟ್ಟೆ. ಒಂದು ಕೈಯಲ್ಲಿ ತೋಳನ್ನು ಒತ್ತಿ ಹಿಡಿದು ಇನ್ನೊಂದರಲ್ಲಿ ಕಡ್ಡಿ ಜಗ್ಗಿದೆ. ಪಾಲಣ್ಣ ಹೇಳಿದ್ದು ನಿಜ, ತೋಳು ಸೀಳಿತು. ಒತ್ತಿದ ರಭಸಕ್ಕೆ ಹಲಗೆಯೂ ಸೀಳಿ ರಂಗಯ್ಯನವರ ಹೆಸರಿನ ನಡುವೆ ಬಿರುಕು ಬಿಟ್ಟಿತು. ಕಡ್ಡಿ ಸಮೇತ ಗೋಳ ನನ್ನ ಕೈಗೆ ಬಂತು.

ಒಂದು ಸ್ಟೂಲಿನ ಮೇಲೆ ದೀಪ ಇಟ್ಟೆ. ಬಡಗಲ ಗೋಡೆ ಧ್ರುವ ಎಂದು ಹೇಳಿದೆ. ಕಡ್ಡಿಯನ್ನು ಗೋಡೆಯ ಕಡೆಗೆ ಓರೆ ಮಾಡಿ ಹಿಡಿದು ದೀಪದ ಸುತ್ತ ನಡೆಯತೊಡಗಿದೆ. ನಾಲ್ಕು ಹೆಜ್ಜೆಗೇ ತಪ್ಪಿತು. ಕಾಲು ತಾನಾಗಿ ಗುಡಿ ಸುತ್ತುವ ಕಡೆಗೆ ತಿರುಗಿತು, ಮೈ ತಿರುಗಿತು, ಮೈಯ ಜೊತೆ ಕಡ್ಡಿಯೂ ದೀಪದ ಕಡೆಗೆ ಬಗ್ಗಿತು. ಯಾರೋ ನಕ್ಕರು. ನಿಂತೆ. ಅವ್ವ ಕಾಲು ಹೇಗೆ ಇಡುತ್ತಿದ್ದಳು ಎಂದು ನೆನಪು ಮಾಡಿಕೊಂಡೆ.

ಸೊಂಟ ಸ್ವಲ್ಪ ಬಗ್ಗಿಸಿದೆ. ಮುಖ ಬಡಗಲ ಗೋಡೆಗೆ, ಏನೇ ಆದರೂ ತಿರುಗಿಸಬಾರದು. ದೀಪ ನನ್ನ ಮುಂದೆ ಇದ್ದಾಗ ಗೋಳ ದೀಪದ ಕಡೆಗೆ ವಾಲಿತು. “ಇದು ಜೂನ್,” ಎಂದೆ. ಅಡ್ಡಡ್ಡ ಸರಿದು, ಮುಂದಕ್ಕೆ ಹೋಗಿ, ದೀಪ ಬೆನ್ನ ಹಿಂದೆ ಆಗುವವರೆಗೆ ಬಂದೆ. ಗೋಳ ದೀಪದಿಂದ ಆಚೆಗೆ ವಾಲಿ ನಿಂತಿತು. ಗೋಳವನ್ನು ಕಡ್ಡಿಯ ಮೇಲೆ ಹೊರಳಿಸಿ ಕೆಂಪು ಚುಕ್ಕೆಯನ್ನು ದೀಪಕ್ಕೆ ಎದುರು ತಂದರೂ ಅದರ ಮೇಲಿನ ಬೆಳಕು ಓರೆಯಾಗಿ ಮಂಕಾಗಿತ್ತು. “ಇದು ಡಿಸೆಂಬರ್.” ಮತ್ತೆ ಅಡ್ಡಡ್ಡ, ಮತ್ತೆ ಹಿಂದಕ್ಕೆ ಹೆಜ್ಜೆ. ಹಾಲಿನಲ್ಲಿ ನಗು ಜೋರಾಯಿತು. ಪ್ಯಾಂಟು ಹಾಕಿದ ಮೇಷ್ಟ್ರೊಬ್ಬ ಕುಂಡೆ ಹಿಂದೆ ಮಾಡಿಕೊಂಡು ಏಡಿಯ ಹಾಗೆ ದೀಪ ಸುತ್ತುವುದನ್ನು ನೋಡಿ ನಗದೆ ಏನು ಮಾಡುತ್ತಾರೆ.

ರಂಗಯ್ಯನವರು ನಗಲಿಲ್ಲ. ಅವರು ನನ್ನ ಕಾಲನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ತಮ್ಮ ಕಣದಲ್ಲಿ ಕಂಡ ಹೆಜ್ಜೆ ಅವರಿಗೆ ಗುರುತು ಸಿಕ್ಕಿತು.

“ಲೇ ಪಾಪಣ್ಣ,” ಎಂದರು, ಎಲ್ಲರಿಗೂ ಕೇಳುವ ಹಾಗೆ. “ಇದು ಕಣ ಗುಡಿಸೋ ಮುದ್ದಕ್ಕನ ನಡಿಗೆ ಅಲ್ಲೇನೋ?”

‘ರೀ’ ಹೋಯಿತು. ನಾಲ್ಕು ವರ್ಷ ಕಾಪಾಡಿಕೊಂಡು ಬಂದದ್ದು ಹೋಯಿತು. ಆಶ್ಚರ್ಯವೆಂದರೆ ನನಗೆ ಹಗುರವೆನಿಸಿತು.

“ಹೌದು,” ಎಂದೆ. “ನಮ್ಮವ್ವಂದೇ. ಈ ಯಂತ್ರದಲ್ಲಿ ತಪ್ಪಿದೆ ಅಂತ ಹೇಳಿದವಳೂ ಅವಳೇ. ಅವಳಿಗೆ ಓದು ಬರಲ್ಲ.”

ನಗು ನಿಂತಿತು. ಹನುಮಂತಯ್ಯನವರು ನೋಟ್‌ಬುಕ್ಕು ಮುಚ್ಚಿ, ಇನ್ನೊಂದು ಸಲ ಸುತ್ತಿ ಎಂದರು. ಸುತ್ತಿದೆ. ಆ ಹುಡುಗಿ ಬರಗೇರಮ್ಮ ಗೋಳ ತಾನು ಹಿಡಿಯುತ್ತೇನೆಂದಳು. ಅವಳಿಗೆ ಮೊದಲ ಸುತ್ತಿನಲ್ಲೇ ಹೆಜ್ಜೆ ಬಂತು, ಅವಳೂ ಕಣ ಕಂಡವಳೇ ಇರಬೇಕು. ಡಿಸೆಂಬರಿನಲ್ಲಿ ನಿಂತು, ಕತ್ತು ತಿರುಗಿಸಿ ಹಿಂದಿನ ದೀಪ ನೋಡಿ, “ಈಗ ಚಳಿಗಾಲ ಸಾರ್,” ಎಂದಳು. ಅವಳ ಹತ್ತಿರ ಚೀಟಿ ಇರಲಿಲ್ಲ.

ಕೆಲಸದ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಬಹುಮಾನ ಬರಲಿಲ್ಲ. ಮುರಿದ ಯಂತ್ರಕ್ಕೆ ಕೊಡಲು ನಿಯಮದಲ್ಲಿ ಜಾಗವಿಲ್ಲ ಎಂದು ಹನುಮಂತಯ್ಯನವರು ಬೇಸರದಿಂದಲೇ ಹೇಳಿದರು. ಮಾರ್ಚಿನಲ್ಲಿ ಮನೆಗೆ ಹೋಗು ಎಂದರು, ಜೂನಿನಲ್ಲಿ ಮತ್ತೆ ಬಾ ಎಂದರು. ಕಾಯಂ ಆದದ್ದು ಮೂರು ವರ್ಷದ ಮೇಲೆ, ಅದೂ ಬೇರೆ ಊರಿನಲ್ಲಿ. ರಂಗಯ್ಯನವರು ಬಸ್ಸಿನಲ್ಲಿ ಹೊಳಲ್ಕೆರೆ ಬರುವವರೆಗೆ ಮಾತಾಡಲಿಲ್ಲ. ಟೀ ಮಾತ್ರ ಕುಡಿಸಿದರು. ಅಂದಿನಿಂದ ಅವರಿಗೆ ನಾನು ಬರೀ ‘ಪಾಪಣ್ಣ’. ‘ರೀ’ಯೂ ಇಲ್ಲ, ‘ಲೇ’ಯೂ ಇಲ್ಲ.

ಮನೆಗೆ ಬಂದಾಗ ಅವ್ವ ಒಲೆ ಹಚ್ಚುತ್ತಿದ್ದಳು. ಭಾನುವಾರದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ನನ್ನ ಬರಿಗೈ ನೋಡಿದಳು.

“ಯಂತ್ರ ಎಲ್ಲಿ?”

“ಮುರ್ದೆ. ನೀನು ಹೇಳಿದ್ದೇ ಸರಿ ಇತ್ತು. ಭಾನುವಾರ ನಾನು ಅಂದಿದ್ದು ತಪ್ಪಾತವ್ವ.”

ಒಲೆಗೆ ಸೌದೆ ಒಟ್ಟಿದಳು. “ಮತ್ತೆ ಹೆಂಗೆ ತೋರ್ಸಿದೆ?”

ನೆಲದ ಒರಳಿನ ಮೇಲೆ ಬುಡ್ಡಿ ದೀಪ ಇಟ್ಟು, ಒಂದು ಚೊಂಬು ಹಿಡಿದುಕೊಂಡು ಅವಳ ಹಾಗೆ ಸುತ್ತಿ ತೋರಿಸಿದೆ. ಅವಳು ಒಲೆ ಮರೆತು ನೋಡಿದಳು.

“ಎಡಕ್ಕಿಟ್ಟು ಸುತ್ತುತೀಯಲ್ಲೋ. ರಾಶೀನ ಬಲಕ್ಕಿಟ್ಟು ಸುತ್ತಬೇಕು.”

“ಭೂಮಿ ಸುತ್ತೋದು ಹಂಗೇ ಅವ್ವ.”

“ಅದಕ್ಕೆ ಹೇಳಿಕೊಡೋರು ಇರಲಿಲ್ಲ ಏನೋ,” ಎಂದಳು. ಆಮೇಲೆ ಕೇಳಿದಳು. “ಅಷ್ಟು ಜನದ ಮುಂದೆ ಹಿಂಗೇ ನಡ್ದೆಯಾ?”

“ಹೂಂ.”

“ಎಲ್ಲಿ ಕಲ್ತೆ ಅಂತ ಯಾರೂ ಕೇಳ್ಲಿಲ್ಲೇನು?”

“ಕೇಳಿದ್ರು. ನಮ್ಮವ್ವಂದು ಅಂದೆ.”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆಗೋ ಏನೋ. ಎದ್ದು ಬಂದು ನನ್ನ ಕೈಯಿಂದ ಚೊಂಬು ಇಸಿದುಕೊಂಡಳು, ಪೊರಕೆ ಕೊಟ್ಟಳು.

“ಹಿಂದಕ್ಕೆ ಹೋಗುವಾಗ ಹಿಮ್ಮಡಿ ಮೊದ್ಲು ಊರಬ್ಯಾಡ, ಬೆರಳು ಊರು. ನಾಳೆ ಹುಡುಗ್ರ ಮುಂದೆ ಎಡವಿದ್ರೆ ನನ್ನ ಹೆಸರು ಕೆಡ್ತೈತೆ. ನಡಿ, ಇನ್ನೊಂದು ಸುತ್ತು.”